ಚಪ್ಪಲಿ ಗೂಡಿನ ದೀಪಗಳು

ಮಕ್ಕಳನ್ನು ದತ್ತು ಕೊಡುವ ಮನೆಯ ಹೊಸ್ತಿಲಲ್ಲಿ ಚಪ್ಪಲಿಯ ಜೊತೆ ಎದೆಯ ಮೇಲಿನ ದೀಪವನ್ನೂ ಕಳಚಿಡಬೇಕು. ಗರ್ಭಪಾತ ಕೂಡದು ಎನ್ನುವವರದ್ದು ಹಳದಿ ದೀಪ, ಅದು ಹೆಂಗಸಿನ ತೀರ್ಮಾನ ಎನ್ನುವವರದ್ದು ನೀಲಿ. ದೀಪವಿಲ್ಲದೆ ಬೀದಿಗಿಳಿದರೆ ಪೊಲೀಸರು ಹಿಡಿಯುತ್ತಾರೆ.

ಮೇಲ್ವಿಚಾರಕಿ ಅಂಬುಜಾಕ್ಷಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಹೋದ ತಿಂಗಳು ಕೊಟ್ಟ ಮಗು ವಾರದೊಳಗೆ ಹಳದಿಯವರ ಬ್ಯಾನರಿನಲ್ಲಿ ನಗುತ್ತಿತ್ತು. ಅದಕ್ಕೂ ಮುಂಚಿನದನ್ನು ನೀಲಿಯವರು ವೇದಿಕೆ ಹತ್ತಿಸಿದ್ದರು.

ಇವತ್ತು ಬಂದ ಷಡಕ್ಷರಿ, ವಿಮಲೆ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಬಾಯಿ ಬಿಡುತ್ತಿದ್ದರು. ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಎನ್ನಿಸಿತು ಅಂಬುಜಾಕ್ಷಿಗೆ.

"ಹೆತ್ತವಳು ಇವಳನ್ನ ತೆಗೆಸ್ಬೇಕು ಅಂತಿದ್ಲಾ ಅಂತ ಕೇಳಲ್ವಾ?" ಎಂದು ತೊಟ್ಟಿಲಲ್ಲಿದ್ದ ಹೆಣ್ಣುಮಗುವನ್ನು ತೋರಿಸಿ ಕೆಣಕಿದಳು.

"ಅದು ನಮಗ್ಯಾಕೆ ಮೇಡಂ?" ಎಂದ ಷಡಕ್ಷರಿ.

"ಹಾಲು ಎಷ್ಟು ಬಿಸಿ ಇದ್ರೆ ಕುಡೀತಾಳೆ?" ಎಂದಳು ವಿಮಲೆ.

ಆದರೂ ಅನುಮಾನ ಹೋಗದೆ ಅಂಬುಜಾಕ್ಷಿ ಹೊರಗೆ ಬಂದು ಚಪ್ಪಲಿ ಗೂಡಿನಲ್ಲಿ ಇಣುಕಿದಳು. ಗಂಡನ ಚಪ್ಪಲಿಯ ಮೇಲೆ ಹಳದಿ ದೀಪವಿತ್ತು, ಹೆಂಡತಿಯದರ ಮೇಲೆ ನೀಲಿ.

ಒಳಗೆ ಹೋಗಿ ಮಗುವನ್ನೆತ್ತಿ ವಿಮಲೆಯ ಕೈಗಿತ್ತಳು.

ಅವರು ಗೇಟು ದಾಟುವಾಗ ಅಂಬುಜಾಕ್ಷಿಯ ಕಣ್ಣು ಗೂಡಿನತ್ತ ಹೋಯಿತು. ಎರಡು ದೀಪಗಳೂ ಅಲ್ಲೇ ಉರಿಯುತ್ತಿದ್ದವು.

"ದೀಪ ಬಿಟ್ಟು ಹೋಗ್ತಿದ್ದೀರಲ್ರೀ, ಪೊಲೀಸರು ಹಿಡೀತಾರೆ," ಎಂದು ಕೂಗಿದಳು.

ವಿಮಲೆ ತಿರುಗಿ ನೋಡಿದಳು.

"ಮೆಲ್ಲಗೆ ಮೇಡಂ. ಈಗಷ್ಟೇ ನಿದ್ದೆ ಹತ್ತಿದೆ."