ಹಸಿರು ಕಲ್ಲಿನ ವಾಸನೆ

"ಇಂಗಿನ ಹಾಗಿದೆ," ಎಂದರು ಅಳಸಿಂಗಾಚಾರ್, ಹೊಗೆಯಾಡುವ ಇದ್ದಲಿನ ತುಂಡನ್ನು ಮೂಗಿನಿಂದ ದೂರ ಹಿಡಿದು. ಹೇಳಿದ ಮೇಲೆ ಅವರಿಗೇ ಸಮಾಧಾನವಾಗಲಿಲ್ಲ. ಇಂಗಿನ ವಾಸನೆಯ ಖನಿಜ ಪುಸ್ತಕದಲ್ಲಿ ಒಂದೂ ಇರಲಿಲ್ಲ.

ಮಹಾರಾಜರ ಸರ್ಕಾರದ ಪರವಾಗಿ ಕೋಟೆ ತಾಲ್ಲೂಕಿನ ಕಲ್ಲುಗಳನ್ನು ಪರೀಕ್ಷಿಸಲು ಬಂದಿದ್ದ ಅವರು, ಸರಗೂರಿನಾಚೆಯ ಕೇರಿಯ ಹೊಸ ಬಾವಿಯ ಪಕ್ಕ ಕುಳಿತಿದ್ದರು. ಬಾವಿಯ ತಳದಲ್ಲಿ ನೀರು ಒಸರುವ ಬಂಡೆಯ ಮೇಲೆ ಹಸಿರು ಹರಳು ಕವಿದುಕೊಂಡಿತ್ತು. ಕೇರಿಯವರು ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ಹೊಳೆಗೆ ಎರಡು ಮೈಲಿ ನಡೆಯಬೇಕು. ಮೂರು ತಿಂಗಳು ತಾವೇ ತೋಡಿದ ಈ ಬಾವಿಗೆ ನಾಳೆ ಬೆಳಿಗ್ಗೆ ಪೂಜೆ ಮಾಡಿ ಮೊದಲ ಕೊಡ ಸೇದುವವರಿದ್ದರು.

ಆಚಾರ್ಯರು ಕಲ್ಲನ್ನು ಎಲ್ಲ ಬಗೆಯಲ್ಲೂ ನೋಡಿಯಾಗಿತ್ತು. ತಾಮ್ರದ ಕಾಸಿಗೆ ಅದು ಜಗ್ಗಲಿಲ್ಲ, ಚಾಕುವಿಗೆ ಗೀರು ಬಿತ್ತು. ಉಜ್ಜಿದರೆ ಬಿಳಿಯ ಪುಡಿ. ಆಮ್ಲದ ಹನಿಗೆ ನೊರೆ ಏಳಲಿಲ್ಲ. ಹಾಗಾಗಿ ತಾಮ್ರದ ಹಸಿರು ಕಲ್ಲಲ್ಲ.

"ಇನ್ನು ಎರಡೇ ಉಳಿದದ್ದು," ಎಂದು ಮುಂದೆ ನಿಂತು ಬಾವಿ ತೋಡಿಸಿದ ಕೇರಿಯ ನಂಜಣ್ಣನಿಗೆ ಹೇಳಿದರು. "ಎರಡೂ ಒಡಹುಟ್ಟಿದವರ ಹಾಗೆ, ನೋಡಿದರೆ ತಿಳಿಯುವುದಿಲ್ಲ. ಒಂದರೊಳಗೆ ರಂಜಕ ಇರುತ್ತದೆ. ಅದಾದರೆ ನಿಶ್ಚಿಂತೆಯಾಗಿ ನೀರು ಕುಡಿಯಿರಿ. ಇನ್ನೊಂದರೊಳಗೆ ಪಾಷಾಣ. ಅದನ್ನು ಸುಟ್ಟರೆ ಬೆಳ್ಳುಳ್ಳಿ ವಾಸನೆ ಬರುತ್ತದಂತೆ. ಬಂದರೆ ಬಾವಿ ಮುಚ್ಚಬೇಕು."

"ಬಂತಾ ಬುದ್ಧಿ?"

"ಅದೇ ಗೊತ್ತಾಗುತ್ತಿಲ್ಲ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಹೊಸಿಲು ದಾಟಿಲ್ಲ."

ನಂಜಣ್ಣನಿಗೆ ನಗು ತಡೆಯಲಾಗಲಿಲ್ಲ. "ಇಷ್ಟೊಂದು ಓದ್ಬುಟ್ಟು ಬೆಳ್ಳುಳ್ಳಿ ಗೊತ್ತಿಲ್ವಾ! ತನ್ನಿ ಇತ್ಲಾಗೆ." ಇದ್ದಲನ್ನು ಇಸಿದುಕೊಂಡು ಮೂಸಿದ. ಅವನ ನಗು ಅಲ್ಲೇ ನಿಂತಿತು. ಬಾವಿಯ ಕಡೆ ಒಮ್ಮೆ ನೋಡಿ, "ಏನಿಲ್ಲ ಬುದ್ಧಿ. ಬರೀ ಇದ್ಲು ವಾಸ್ನೆ," ಎಂದ.

ಮಣ್ಣು ಹೊರುವ ಮಂಕರಿ ಕೆಳಗಿಟ್ಟು ಅವನ ತಮ್ಮನ ಹೆಂಡತಿ ಚಿಕ್ಕಸಿದ್ದಮ್ಮ ಹತ್ತಿರ ಬಂದಳು. ಸೊಂಟದಲ್ಲಿ ಐದು ತಿಂಗಳ ಕೂಸು. "ನಾನೂ ನೋಡ್ತೀನಿ, ಕೊಡಿ ಬುದ್ಧಿ."

"ನೀ ಸುಮ್ಕಿರಮ್ಮಿ. ಗಂಡಸ್ರು ಮಾತಾಡ್ತಿಲ್ವಾ?"

ಅವಳು ಕೂಸನ್ನು ಭಾವನ ಕೈಗೇ ಕೊಟ್ಟು, ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಆಚಾರ್ಯರು ಇನ್ನೊಂದು ಚಿಟಿಕೆ ಪುಡಿಯನ್ನು ಇದ್ದಲಿನ ಮೇಲಿಟ್ಟು, ದೀಪದ ಉರಿಯನ್ನು ಊದುಗೊಳವೆಯಿಂದ ಅದರ ಮೇಲೆ ಹಾಯಿಸಿದರು. "ಒಂದೇ ಸಲ ಮೂಸು. ಜೋರಾಗಿ ಉಸಿರು ಎಳೆಯಬೇಡ."

"ಬೆಳ್ಳುಳ್ಳಿನೇ," ಎಂದಳು, ತಡಮಾಡದೆ. "ಬಾಣಂತಿತನದಾಗೆ ತಿಂಗ್ಳೆಲ್ಲಾ ಸುಟ್ಟು ತಿಂದಿವ್ನಿ, ನಂಗೆ ತಿಳೀದಾ?"

"ಅವ್ಳ ಕೈಯಾಗೇ ಬೆಳ್ಳುಳ್ಳಿ ವಾಸ್ನೆ ಐತೆ ಬುದ್ಧಿ. ಅದ್ನೇ ಮೂಸ್ಕಂಡವ್ಳೆ," ಎಂದ ನಂಜಣ್ಣ.

ಆಚಾರ್ಯರು ಇಬ್ಬರ ಮುಖವನ್ನೂ ನೋಡಿದರು. ಚಿಕ್ಕಸಿದ್ದಮ್ಮ ಎದ್ದು ಗುಡಿಸಲಿಗೆ ಹೋಗಿ ಎರಡು ಎಸಳು ಬೆಳ್ಳುಳ್ಳಿ ತಂದಳು. ಒಂದನ್ನು ಕೆಂಡಕ್ಕೆ ತಾಗಿಸಿ, ಕಲ್ಲಿನ ಮೇಲೆ ಜಜ್ಜಿ, ಮುತ್ತುಗದ ಎಲೆಯಲ್ಲಿಟ್ಟು ಅವರ ಮುಂದೆ ಹಿಡಿದಳು. ಆಚಾರ್ಯರು ಶಲ್ಯದ ತುದಿಯನ್ನು ಮೂಗಿಗೆ ಒಯ್ದರು.

"ಮೂಸಿದ್ರೆ ಜಾತಿ ಓಗಾಕಿಲ್ಲ ಬುದ್ಧಿ."

ಅವರು ಶಲ್ಯ ಕೆಳಗಿಳಿಸಿ ಬಾಗಿದರು. ಮೊದಲು ಎಲೆಯನ್ನು ಮೂಸಿದರು. ಆಮೇಲೆ ಮತ್ತೊಂದು ಚಿಟಿಕೆ ಪುಡಿ ಸುಟ್ಟು ಇದ್ದಲನ್ನು. ಮತ್ತೆ ಎಲೆಯನ್ನು. ತಲೆ ಎತ್ತಿದಾಗ ಅವರ ಕಣ್ಣು ಹೊಳೆಯುತ್ತಿತ್ತು. 'ಸ್ಕೊರೊಡೈಟ್. ಆರ್ಸೆನೇಟ್ ವರ್ಗ. ಬಹು ಅಪರೂಪ' ಎಂದು ಸರಸರನೆ ಬರೆದುಕೊಂಡರು. ಹನ್ನೊಂದು ವರ್ಷದ ನೌಕರಿಯಲ್ಲಿ ಇಂಥದ್ದು ಅವರ ಕೈಗೆ ಸಿಕ್ಕಿರಲಿಲ್ಲ. ಬರೆದು ಮುಗಿಸಿ ಎದುರಿಗಿದ್ದವರನ್ನು ನೋಡಿದ ಮೇಲೆ ಅವರ ದನಿ ತಗ್ಗಿತು. "ಪಾಷಾಣವೇ. ಕುಡಿದ ದಿನ ಏನೂ ಆಗದು. ಮೈಯೊಳಗೆ ಕೂಡಿಕೊಳ್ಳುತ್ತಾ ಹೋಗುತ್ತದೆ."

"ಮೂರ್ ತಿಂಗ್ಳ ಗೇಮೆ ಮಣ್ಣಾಯ್ತಲ್ಲಮ್ಮಿ!" ನಂಜಣ್ಣ ಅವಳ ಕಡೆ ತಿರುಗಿದ. "ಇಲ್ಲ ಅಂದಿದ್ರೆ ನಿನ್ ಗಂಟೇನ್ ಓಗ್ತಿತ್ತು?"

"ನಿಮ್ ಕೈಯಾಗಿರೋದೇ ಓಗ್ತಿತ್ತು ಬಾವ."

ನಂಜಣ್ಣ ತನ್ನ ಕೈಯಲ್ಲಿದ್ದ ಕೂಸನ್ನು ನೋಡಿದ. ಅದು ಅವನ ಮೀಸೆಗೆ ಕೈ ಹಾಕಿತ್ತು.

ಆಚಾರ್ಯರು ಬಾವಿಗೆ ಬಗ್ಗಿ ಬಂಡೆಯ ಓರೆಯನ್ನು ಬಹಳ ಹೊತ್ತು ನೋಡಿದರು. ಬಳಿಕ ಮೂಡಲ ದಿಬ್ಬದ ಕಡೆ ಎಂಬತ್ತು ಹೆಜ್ಜೆ ಎಣಿಸಿ ನಡೆದು, ಸುತ್ತಿಗೆಯಿಂದ ನೆಲವನ್ನು ಕುಟ್ಟಿದರು. "ಇಲ್ಲಿ ತೋಡಿ. ಆ ಕಲ್ಲಿನ ಪದರ ಪಡುವಲಿಗೆ ಇಳಿದಿದೆ, ಈ ಕಡೆ ಹಾಯುವುದಿಲ್ಲ. ಇಲ್ಲಿಯ ನೀರಿಗೆ ದೋಷವಿಲ್ಲ. ನಾನು ಹೇಳುತ್ತೇನೆ."

ಚಿಕ್ಕಸಿದ್ದಮ್ಮ ಮಂಕರಿಯನ್ನು ತಂದು ಅವರು ಕುಟ್ಟಿದ ಜಾಗದಲ್ಲೇ ಇಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ ಆಚಾರ್ಯರ ಮುಖವನ್ನು ನೇರವಾಗಿ ನೋಡಿದಳು.

"ಆಯ್ತು ಬುದ್ಧಿ, ತೋಡ್ತೀವಿ. ನೀರು ಬಂದ ದಿನ ಏಳಿ ಕಳಿಸ್ತೀನಿ. ಮೊದಲ್ನೇ ಕೊಡ ನಾನೇ ಸೇದ್ತೀನಿ, ಮೊದಲ್ನೇ ಗುಟುಕು ನೀವು ಕುಡೀಬೇಕು."