ಎದುರಿನವರು

ಮೊನ್ನೆ ಕಲಘಟಗಿ ಸಂತೆಯಲ್ಲಿ ಒಂದು ಪೊಟ್ಟಣ ಗುರೆಳ್ಳು ಚಟ್ನಿಗೆ ಎಂಬತ್ತು ರೂಪಾಯಿ ಕೊಟ್ಟೆ. ಚೌಕಾಸಿ ಮಾಡದೆ ಸೂಜಿಯನ್ನೂ ಕೊಳ್ಳದವನು ನಾನು. ಆ ಹುರಿದ ವಾಸನೆ ಮೂಗಿಗೆ ಬಡಿದದ್ದೇ ತಲೆ ತಗ್ಗಿಸಿ ಕೇಳಿದಷ್ಟು ಕೊಟ್ಟುಬಿಟ್ಟೆ.

ಅದು ನನ್ನ ಚಿಕ್ಕಂದಿನ ವಾಸನೆ. ನನಗಾಗ ಆರೇಳು ವರ್ಷ. ಪಂಚಾಯ್ತಿ ಎಲೆಕ್ಷನ್ ಹತ್ತಿರವಿತ್ತು. ಊರಿನ ಇನ್ನೊಂದು ಪಾರ್ಟಿಯವರನ್ನು ಅಪ್ಪ 'ಎದುರಿನವರು' ಎನ್ನುತ್ತಿದ್ದರು. "ಎದುರಿನವರು ಏನರ ಕೊಟ್ರ ಮುಟ್ಟಬ್ಯಾಡ್ಲೇ," ಎಂದು ಬೆಳಿಗ್ಗೆಯೇ ತಾಕೀತು ಮಾಡಿದ್ದರು.

ಮಧ್ಯಾಹ್ನ ಎದುರುಮನೆಯ ಗಂಗವ್ವಾಯಿ ಎಂದಿನಂತೆ ಬಿಸಿ ರೊಟ್ಟಿಗೆ ಗುರೆಳ್ಳು ಚಟ್ನಿ, ಎಣ್ಣೆ ಹಾಕಿಕೊಂಡು ಬಂದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಒಲ್ಲೆ ಆಯಿ. ಎದುರಿನವರದು ಮುಟ್ಟಬಾರದಂತ. ಅಪ್ಪ ಹೇಳ್ಯಾನ."

ರೊಟ್ಟಿಯ ಎಣ್ಣೆ ಆಕೆಯ ಹೆಬ್ಬೆರಳಿಗೆ ಇಳಿಯಿತು. "ಖರೇ ಐತಿ ತಮ್ಮಾ, ನಾವು ಎದುರಿನವರೇ. ನಿಮ್ಮ ಬಾಗಲಾ ತಗದ್ರ ಮೊದಲು ಕಾಣೂದು ನಮ್ಮ ಮಾರಿನ," ಎಂದು ರೊಟ್ಟಿ ಮಡಚಿಕೊಂಡು ತಿರುಗಿದಳು.

"ನಿಂದರ್ರಿ ಆಯಿ, ನಿಮಗ ಅಂದಿದ್ದಲ್ಲರಿ!" ಎನ್ನುತ್ತ ಅಪ್ಪ ಒಳಗಿನಿಂದ ಬರಿಗಾಲಲ್ಲೇ ಓಡಿಬಂದರು. ಅಷ್ಟರಲ್ಲಿ ಎದುರಿನ ಬಾಗಿಲು ಹಾಕಿತ್ತು. ಮರುದಿನ ಅದು ತೆರೆಯಿತು; ರೊಟ್ಟಿ ಮಾತ್ರ ಮತ್ತೆಂದೂ ಬರಲಿಲ್ಲ.

ಮಕ್ಕಳಿರುವ ಮನೆಯಲ್ಲಿ ವಿರೋಧಿಯನ್ನು ಹೆಸರು ಹಿಡಿದೇ ಬೈಯಿರಿ. ಯಾರಾದರೂ ರೊಟ್ಟಿ ತಂದರೆ ಮೊದಲು ಕೈಯೊಡ್ಡಿ, ಯಾವ ಪಾರ್ಟಿಯೆಂದು ಆಮೇಲೆ ಕೇಳಿ.