ಕಪ್ಪು ಚೌಕ

ಬೆಳಗಾದರೆ ಸಾಕು, ದಾಸವಾಳದ ಗಿಡ ಬೋಳು. ಪೂಜೆಗೆ ಒಂದು ಹೂವನ್ನೂ ಉಳಿಸದ ಆ ಕಳ್ಳರನ್ನು ಹಿಡಿದೇ ತೀರುತ್ತೇನೆಂದು ವಿಶಾಲಾಕ್ಷಮ್ಮ ಕ್ಯಾಮೆರಾ ಅಂಗಡಿಗೆ ಬಂದಿದ್ದರು.

"ಇದ್ರಲ್ಲಿ ಏನೇನು ಕಾಣ್ಸುತ್ತಪ್ಪ?"

ಅಂಗಡಿಯವನು ಅವರ ಫೋನಿನಲ್ಲಿದ್ದ ಮನೆಮುಂದಿನ ಫೋಟೊ ನೋಡಿದ. "ನಿಮ್ಮ ಗೇಟು, ಗಿಡ, ರಸ್ತೆ, ಎದುರುಮನೆ ಕಾಂಪೌಂಡು, ಎಲ್ಲಾ ಕಾಣ್ಸುತ್ತಮ್ಮ. ಯಜಮಾನ್ರು ಕೂತಲ್ಲೇ ಫೋನಲ್ಲಿ ನೋಡ್ಬಹುದು."

ವಿಶಾಲಾಕ್ಷಮ್ಮ ಎರಡೂ ಕೈ ಅಡ್ಡ ಆಡಿಸಿದರು. "ಶಿವ ಶಿವ! ಎದುರುಮನೆ ಕಾಣ್ಬಾರ್ದು. ಪಾಪ, ಅವರಿಗೂ ಖಾಸಗಿತನ ಅನ್ನೋದು ಇರುತ್ತಲ್ವಾ?"

"ಹಾಗಾದ್ರೆ ಆ ಜಾಗದ ಮೇಲೊಂದು ಕಪ್ಪು ಚೌಕ ಕೂರಿಸ್ಕೊಡ್ತೀನಿ. ಅಲ್ಲಿ ಏನು ನಡೆದ್ರೂ ರೆಕಾರ್ಡ್ ಆಗಲ್ಲ."

"ಅವರ ಕಾಂಪೌಂಡಿನ ನಂದಿಬಟ್ಟಲ ಗಿಡ ಪೂರ್ತಿ ಮುಚ್ಚುತ್ತಾ?"

"ಒಂದು ಎಲೆನೂ ಕಾಣಲ್ಲ."

ವಿಶಾಲಾಕ್ಷಮ್ಮನಿಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಬೆಳಗಿನ ಐದೂವರೆಯ ವಾಕಿಂಗ್ ನೆಪ, ಕೊಂಬೆ ಬಗ್ಗಿಸುವ ದೋಟಿ, ಸೆರಗಿನ ಮರೆಯ ಹೂಬುಟ್ಟಿ, ಯಾವುದಕ್ಕೂ ಇನ್ನು ಭಯವಿಲ್ಲ. ದೇವರಿಗೆಂದು ಕಿತ್ತ ಹೂವು ಕಳವಲ್ಲವೆಂದು ಅವರ ಅತ್ತೆಯೇ ಹೇಳಿರಲಿಲ್ಲವೇ! "ಇದನ್ನೇ ಕೊಡಪ್ಪ," ಎಂದರು, ಚೌಕಾಸಿ ಮಾಡುವುದನ್ನೂ ಮರೆತು.

ಡಬ್ಬಿಯನ್ನು ಚೀಲಕ್ಕೆ ಹಾಕುತ್ತ ಅಂಗಡಿಯವನು ಫೋಟೊವನ್ನು ಮತ್ತೊಮ್ಮೆ ನೋಡಿ ನಕ್ಕ.

"ನಿಮ್ಮ ಬೀದೀಲಿ ಎಲ್ರೂ ಎಷ್ಟು ಒಳ್ಳೆಯವರಮ್ಮ! ನಿನ್ನೆ ಈ ಎದುರುಮನೆ ಅಮ್ಮಾವ್ರೂ ಇದನ್ನೇ ತಗೊಂಡ್ಹೋದ್ರು, ನಿಮ್ಮ ದಾಸವಾಳದ ಗಿಡದ ಮೇಲೆ ಕಪ್ಪು ಚೌಕ ಹಾಕಿಸ್ಕೊಂಡು."